ಅಡ್ಮಿನ್ ಅತ್ತೆ

ಬೀದಿಯ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಆದ ಮೇಲೆ ನಮ್ಮ ಎದುರುಮನೆ ಅತ್ತೆಗೆ ಪತ್ರಿಕೆ ಎಂದರೆ ಕಪಾಟಿಗೆ ಹಾಸುವ ಕಾಗದ, ಅಷ್ಟೆ. ನಾಳೆ ಅಚ್ಚಾಗುವ ಸುದ್ದಿಯನ್ನು ಇವತ್ತೇ ಹಾಕುತ್ತಾರೆ. ಸುಳ್ಳೆಂದು ಗೊತ್ತಾದರೆ ಸಂಜೆಯೊಳಗೆ ಸದ್ದಿಲ್ಲದೆ ಅಳಿಸುತ್ತಾರೆ. ಒಲೆಯ ಮೇಲೆ ಹಾಲು ಉಕ್ಕಿದರೂ ಫೋನಿನಿಂದ ತಲೆ ಎತ್ತದವರು, ತಮ್ಮ ನಾಯಕರನ್ನು ಗ್ರೂಪಿನಲ್ಲಿ ಯಾರಾದರೂ ಆಡಿಕೊಂಡರೆ ಸೌಟು ಹಿಡಿದೇ ಬಾಗಿಲಿಗೆ ಬರುತ್ತಾರೆ. "ಇನ್ನೊಂದ್ಸಲ ಹಾಕಿದ್ರೆ ಗ್ರೂಪಿಂದ ಎತ್ತಿ ಬಿಸಾಕ್ತೀನಿ, ನೋಡ್ತಿರು!" ಹಾಗೆ ಹಾಲಿನವನು ಹೋದ, ಅವರ ಸ್ವಂತ ತಮ್ಮನೂ ಹೋದ, ನಾನು ಎರಡು ಸಲ ಹೊರಬಿದ್ದು, ಕೈಕಾಲು ಹಿಡಿದು ಒಳಗೆ ಬಂದಿದ್ದೇನೆ. ಯಾವ ಶಿಕ್ಷೆಯೂ ಇಲ್ಲದೆ ಉಳಿದಿರುವ ವಿರೋಧಿ ಒಬ್ಬರೇ, ಅವರ ಯಜಮಾನರು. ಅತ್ತೆ ಏನು ಹಾಕಿದರೂ ಅದರ ಕೆಳಗೆ ಮಾವನ ಖಾರವಾದ ಉತ್ತರ ಬೀಳಲೇಬೇಕು. ಹೋದ ವರ್ಷ ಮಾವನ ಕಣ್ಣು ಪೂರ್ತಿ ಹೋಯಿತು, ಉತ್ತರಗಳು ಮಾತ್ರ ನಿಲ್ಲಲಿಲ್ಲ. ಅದು ಹೇಗೆಂದು ತಿಳಿದದ್ದು ನಿನ್ನೆ, ಅವರ ಮನೆಗೆ ಹೋದಾಗ. ಮಾವ ಕುರ್ಚಿಗೆ ಒರಗಿ, "ನಿನ್ನ ನಾಯಕ ಬರೀ ಬೊಗಳೆ ಅಂತ ಹಾಕೇ" ಎಂದರು. ಅತ್ತೆ ಹಲ್ಲು ಕಡಿಯುತ್ತಾ ಮಾವನ ಫೋನಿನಲ್ಲಿ ಒಂದಕ್ಷರವೂ ಬಿಡದೆ ಒತ್ತಿ, "ರೀ, ಇಷ್ಟೇ ಸಾಕಾ, ಇನ್ನೂ ಸ್ವಲ್ಪ ಬೈಬೇಕಾ?" ಎಂದು ಕೇಳಿದರು.