ಅಕ್ಕನ ಚೀಟಿಯಲ್ಲಿದ್ದ ಪದ

ನಾನು ಚಿಕ್ಕವಳಿದ್ದಾಗ, ಎಪ್ಪತ್ತರ ದಶಕದಲ್ಲಿ, ಒಂದು ಇಂಗ್ಲಿಷ್ ಪದ ನನ್ನನ್ನು ಅಕ್ಕನ ಬೆನ್ನು ಹತ್ತಿಸಿತು. ಭಾರತೀನಗರದ ಪಕ್ಕದ ಹಳ್ಳಿ ನಮ್ಮದು. ಅಕ್ಕ ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ, ಓದು ಸಾಕೆಂದು ಅಪ್ಪ ಅವಳನ್ನು ಹೊಲಿಗೆ ಕಲಿಯಲು ಹಾಕಿದ್ದರು. ಆದರೆ ಅವಳ ಬೆರಳಲ್ಲಿ ಸೂಜಿ ಚುಚ್ಚಿದ ಗುರುತಿರಲಿಲ್ಲ, ಶಾಯಿಯ ಕಲೆ ಇತ್ತು. ನನಗೆ ಅನುಮಾನ ಬಂತು.

ಒಂದು ಬೆಳಿಗ್ಗೆ ಅವಳ ಚೀಲ ತಡಕಿದೆ. ಬಟ್ಟೆಯ ಚೂರುಗಳ ನಡುವೆ ಮಡಚಿದ ಚೀಟಿ, ಅದರಲ್ಲಿ ಒಂದೇ ಪದ. ಶಾಲೆಯಲ್ಲಿ ಮೇಷ್ಟ್ರಿಗೆ ತೋರಿಸಿದೆ.

"ಇನ್‌ಫಿಲ್ಟ್ರೇಟ್. ಗೊತ್ತಾಗದ ಹಾಗೆ ಒಳಗೆ ನುಸುಳೋದು ಕಣಮ್ಮ. ಗೂಢಚಾರರು ಶತ್ರುಗಳ ನಡುವೆ ಸೇರ್ಕೋತಾರಲ್ಲ, ಹಾಗೆ," ಎಂದರು.

ಅಕ್ಕ ಎಲ್ಲಿ ನುಸುಳುತ್ತಿದ್ದಾಳೋ! ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳೇ ಅಪ್ಪನಿಗೆ ಎಲ್ಲವನ್ನೂ ಊದಿಬಿಟ್ಟೆ. ಅಪ್ಪನ ಮುಖ ಕಪ್ಪಿಟ್ಟಿತು. "ಸೈಕ್ಲು ಅತ್ತು," ಎಂದರು. ನಾನು ಹಿಂದೆ ಹತ್ತಿ ಕೂತೆ.

ಹೊಲಿಗೆ ಅಂಗಡಿಯಲ್ಲಿ ಅಕ್ಕ ಇರಲಿಲ್ಲ. "ಮದ್ಯಾನ ಆದ್ಮೇಲೆ ಕಾಲೇಜ್ ಕಡೀಕೋಯ್ತಾಳೆ ಕಣಣ್ಣ," ಎಂದಳು ಹೊಲಿಗೆಯಾಕೆ, ತಲೆ ಎತ್ತದೆ.

ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳ ಕಿರಗುಟ್ಟುವಿಕೆ, ಸಕ್ಕರೆ ಕಾರ್ಖಾನೆಯ ಕಾಕಂಬಿಯ ಹುಳಿ ವಾಸನೆ. ಯಾರ ಜೊತೆ ಇದ್ದಾಳೋ ಎಂಬುದು ಇಬ್ಬರಿಗೂ ಇದ್ದ ಅನುಮಾನ.

ಕಾಲೇಜಿನ ಕಿಟಕಿಯಲ್ಲಿ ಇಣುಕಿದೆವು. ಹಿಂದಿನ ಬೆಂಚಿನಲ್ಲಿ, ಹುಡುಗಿಯರ ನಡುವೆ ಅಕ್ಕ! ನಿನ್ನೆ ಕೊಟ್ಟ 'ಇನ್‌ಫಿಲ್ಟ್ರೇಟ್' ಪದ ಬಳಸಿ ವಾಕ್ಯ ಹೇಳಿ ಎಂದು ಅಧ್ಯಾಪಕರು ಕೇಳಿದರು. ಯಾರೂ ಏಳಲಿಲ್ಲ. ಅಕ್ಕ ಎದ್ದು ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಮತ್ತೆ ಕನ್ನಡದಲ್ಲಿ: "ನಾಲೆ ನೀರು ಬದುವಿನಡಿ ನುಸುಳಿ ನಮ್ಮ ಗದ್ದೆಗೆ ಬಂತು."

"ಭೇಷ್! ಹೆಸರೇನಮ್ಮ?" ಎನ್ನುತ್ತ ಅವರು ಹಾಜರಿ ಪುಸ್ತಕ ತೆರೆದರು. ಅಕ್ಕ ತಲೆ ತಗ್ಗಿಸಿದಳು. ಇಡೀ ತರಗತಿ ಅವಳತ್ತ ತಿರುಗಿತು.

ಅಪ್ಪ ಕಿಟಕಿಯ ಸರಳಿನಿಂದ ಕೈ ತೆಗೆದರು. ಆಮೇಲೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು.

"ನನ್ ಮಗ್ಳು ಕಣ್ ಸೋಮಿ. ಅದ್ರಾಗೆ ಅವಳೆಸ್ರಿಲ್ಲ. ಬರ್ಸೋಕೆ ಯಾರ್ನ ಕಾಣ್ಬೇಕು?"

ಆ ವರ್ಷ ಸೇರಿಸಿಕೊಳ್ಳಲಿಲ್ಲ. ಮುಂದಿನ ಜೂನ್‌ನಲ್ಲಿ ಸೇರಿದಳು. ನಾನು ಚೀಲ ತಡಕಿದ್ದಕ್ಕೆ ತಿಂಗಳುಗಟ್ಟಲೆ ನನ್ನೊಡನೆ ಮಾತು ಬಿಟ್ಟಳು.

ಮಕ್ಕಳೇ, ನೀವು ತರಗತಿ ತಪ್ಪಿಸಿಕೊಂಡರೆ ಅಮ್ಮನ ಫೋನಿಗೆ ಮೆಸೇಜು ಬರುತ್ತದೆ. ನಮ್ಮ ಅಕ್ಕ ಮನೆಯವರ ಕಣ್ಣು ತಪ್ಪಿಸಿ ಹೋಗುತ್ತಿದ್ದದ್ದೇ ತರಗತಿಗೆ.