ದೊಡ್ಡಮಾವನವರ ಪಂಚಾಯ್ತಿ

ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಮಣಿಕಟ್ಟಿನವರೆಗೆ ಇಳಿಯುವ ತೋಳಿನ ರವಿಕೆ ತೊಟ್ಟ ಹೆಂಗಸನ್ನು ಕಂಡರೆ, ಸ್ನೇಹಿತರೇ, ನೀವು ಆಕೆಯ ಸಂಸ್ಕಾರವನ್ನು ಮನಸ್ಸಿನಲ್ಲೇ ಮೆಚ್ಚಿಕೊಳ್ಳುತ್ತೀರಿ. ಗರುಡಾಚಾರ್‌ಪಾಳ್ಯದ ನನ್ನ ಗಂಡನ ಮನೆಯವರೂ ನನ್ನನ್ನು ಹಾಗೆಯೇ ಮೆಚ್ಚಿಕೊಂಡಿದ್ದರು. ಕಮ್ಮನಹಳ್ಳಿಯ ಟೇಲರಮ್ಮ, "ಈ ಸೆಕೇಲಿ ಉದ್ದ ತೋಳಾ ಮೇಡಂ?" ಎಂದು ಕೇಳಿದಾಗ ನಾನು ಈಗ ಅದೇ ಫ್ಯಾಷನ್ ಎಂದಿದ್ದೆ. ತೋಳಿನ ಮೇಲಿನ ನೀಲಿ ಕಲೆಗಳೂ ಫ್ಯಾಷನ್ನಿನಂತೆಯೇ ಬಂದು ಹೋಗುತ್ತಿದ್ದವು.

ನಾನು ಬೆಳೆದದ್ದು ಸರ್ಕಾರಿ ಕಾರ್ಖಾನೆಯೊಂದರ ಕಾಲೋನಿಯಲ್ಲಿ. ಅಲ್ಲಿನ ಗೋಡೆಗಳು ಎಷ್ಟು ತೆಳುವೆಂದರೆ ಒಂದು ಮನೆಯಲ್ಲಿ ದನಿ ಏರಿದರೆ ನಾಲ್ಕು ಮನೆಯವರು ಸಕ್ಕರೆ ಕೇಳುವ ನೆಪದಲ್ಲಿ ಬಂದು ನಿಲ್ಲುತ್ತಿದ್ದರು. ಗಂಡನ ಮನೆಯವರಾದರೋ ಒಂದು ಕಾಲಕ್ಕೆ ರಾಗಿ ಬೆಳೆದು, ಈಗ ಅದೇ ಹೊಲದಲ್ಲಿ ಬಾಡಿಗೆ ಬೆಳೆಯುವವರು. ಮಹಡಿಯ ತುಂಬ ಬಾಡಿಗೆಯವರು, ಕೆಳಗೆ ನಾವು, ಗ್ರಾನೈಟಿನ ದಪ್ಪ ಗೋಡೆಗಳು. ಇಂಥ ಮರ್ಯಾದಸ್ಥ ಗೋಡೆಗಳ ನಡುವೆ ಹೆಂಗಸು ಎಷ್ಟು ಕೂಗಿದರೂ ಮನೆತನದ ಹೆಸರಿಗೆ ಧಕ್ಕೆಯಿಲ್ಲ.

ಹಾಗೆಂದು ನಮ್ಮಲ್ಲಿ ನ್ಯಾಯವೇ ಇರಲಿಲ್ಲವೆಂದು ತಿಳಿಯಬೇಡಿ. ನನ್ನ ಗಂಡನ ದೊಡ್ಡಪ್ಪ, ಅಂದರೆ ನಮ್ಮ ದೊಡ್ಡಮಾವನವರು, ಊರು ನಗರದೊಳಗೆ ಕರಗಿಹೋದ ಮೇಲೂ ತಮ್ಮ ಹಿರಿತನವನ್ನು ಕರಗಲು ಬಿಟ್ಟವರಲ್ಲ. ನನಗೆ ಏಟು ಬಿದ್ದಾಗಲೆಲ್ಲ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಬೀಳುತ್ತಿದ್ದವು, ಪಂಚಾಯ್ತಿ ಸೇರುತ್ತಿತ್ತು. ತೀರ್ಪು ಕೊಡುವವರಿಗೂ ಹೊಡೆದವನಿಗೂ ಬೋಂಡ ಕರಿದುಕೊಡುವ ಭಾಗ್ಯ ಹೊಡೆತ ತಿಂದವಳದು. ತೀರ್ಪಂತೂ ಸದಾ ಒಂದೇ: "ಅವನಿಗೆ ಕೋಪ ಜಾಸ್ತಿ, ನೀನು ಎದುರು ಮಾತಾಡ್ಬೇಡಮ್ಮ. ಏಳು, ಇನ್ನೊಂದೆರಡು ಬೋಂಡ ತಗೊಂಬಾ."

ಒಂದು ಬೆಳಿಗ್ಗೆ ಗಂಡ ನನ್ನ ಕೈ ತಿರುಚಿ ಗೇಟಿನಾಚೆ ದಬ್ಬಿ, ಒಳಗೆ ಕಾಲಿಟ್ಟರೆ ಕಾಲು ಮುರಿಯುವೆನೆಂದ. ಅಂದು ನಾನು ಜಗಲಿಗೆ ಹೋಗದೆ ಆಟೋ ಹತ್ತಿ ಹಲಸೂರಿನ ಅಣ್ಣನ ಮನೆ ಸೇರಿದೆ, ಅಲ್ಲಿಂದ ಶಿವಾಜಿನಗರದ ಒಬ್ಬ ವಕೀಲೆಯ ಬಳಿ ಹೋದೆ. ನನಗೆ ಬೇಕಾಗಿದ್ದುದು ವಿಚ್ಛೇದನವಲ್ಲ. ಅವನ ಕೈ ನನ್ನ ಮೇಲೆ ಬೀಳಬಾರದು, ನಾನು ಇಷ್ಟು ವರ್ಷ ಗುಡಿಸಿ ಸಾರಿಸಿದ ಮನೆಯಿಂದ ನನ್ನನ್ನು ಯಾರೂ ಹೊರಗೆ ಹಾಕಬಾರದು. ಅಷ್ಟಕ್ಕೇ ಕೋರ್ಟು ರಕ್ಷಣಾ ಆದೇಶ ಕೊಡುತ್ತದೆ ಎಂದು ಆಕೆ ಹೇಳಿದಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಣ್ಣ ಮಾತ್ರ, "ಕೋರ್ಟು ಗೀರ್ಟು ಅಂತ ಹೋದ್ರೆ ಜನ ಏನಂತಾರೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊ" ಎಂದ. ಮುರಿಯುವ ಮೂಳೆ ತನ್ನದಲ್ಲವಾದಾಗ ಮನುಷ್ಯ ಎಷ್ಟೊಂದು ಉದಾರಿಯಾಗುತ್ತಾನೆ, ನೋಡಿ!

ವಿಚಾರಣೆಯ ದಿನ ನನ್ನ ಗಂಡ ಬಿಳಿ ಅಂಗಿ ತೊಟ್ಟು, ಹಣೆಗೆ ಕುಂಕುಮವಿಟ್ಟು, ಆಗತಾನೇ ಪೂಜೆಯಿಂದೆದ್ದವನಂತೆ ಬಂದಿದ್ದ. ಹೆಂಡತಿಯ ಮೇಲೆ ಕೈಯೆತ್ತುವುದಿರಲಿ, ದನಿಯನ್ನೂ ಎತ್ತಿಲ್ಲವೆಂದು ಪ್ರಮಾಣ ಮಾಡಿದ. ನನಗೇ ಒಂದು ಕ್ಷಣ, ಇಂಥ ಗಂಡ ನನಗೇಕೆ ಸಿಗಲಿಲ್ಲ ಎನ್ನಿಸಿತು. ಅವನ ಪರ ಸಾಕ್ಷಿಗೆ ಬಂದವರು ಯಾರೆಂದುಕೊಂಡಿರಿ? ಗರಿಗರಿ ಪಂಚೆಯ ದೊಡ್ಡಮಾವನವರು. ಆ ಮನೆಯಲ್ಲಿ ಗಲಾಟೆಯೆಂಬುದೇ ಇರಲಿಲ್ಲ ಎಂದು ಅವರೂ ಗಂಭೀರವಾಗಿ ನುಡಿದರು. ಹಿರಿಯರ ಮಾತಿನ ಎದುರು ನನ್ನ ಮಾತನ್ನು ಯಾರು ನಂಬಿಯಾರು?

ನನ್ನ ವಕೀಲೆ ಎದ್ದು ಬಹಳ ವಿನಯದಿಂದ ಕೇಳಿದಳು: "ಹಾಗಾದ್ರೆ ಯಜಮಾನ್ರೇ, ಅವರ ವಿಷಯಕ್ಕೆ ನೀವು ಯಾವತ್ತೂ ಪಂಚಾಯ್ತಿನೇ ಮಾಡಿಲ್ಲ. ಅಂಥದ್ದಕ್ಕೆಲ್ಲ ಈಗ ನಿಮ್ಮನ್ನ ಯಾರೂ ಕರೆಯೋದೂ ಇಲ್ಲ, ಅಲ್ವಾ?"

ದೊಡ್ಡಮಾವನವರ ಮೀಸೆ ಅದುರಿತು. "ಯಾರಮ್ಮ ಹಂಗಂದೋರು? ನನ್ನ ಕೇಳ್ದೆ ಆ ಮನೇಲಿ ಏನಾಯ್ತದೆ? ಇವನು ಅವಳ ಕೈ ಮುರಿದಾಗ ಕೂರಿಸ್ಕೊಂಡು ಬುದ್ಧಿ ಹೇಳಿದ್ದು ಯಾರು? ಆಚೆಗೆ ದಬ್ಬಿದಾಗೆಲ್ಲ ಒಳಗೆ ಕರ್ಕೊಂಡ್ಬಂದಿದ್ದು ಯಾರು? ನಾನಲ್ವಾ?"

ಗಂಡನ ವಕೀಲರು ಕಣ್ಣು ಮುಚ್ಚಿಕೊಂಡರು. ಮ್ಯಾಜಿಸ್ಟ್ರೇಟರು ಬರೆಸಿಕೊಳ್ಳುತ್ತಲೇ ಹೋದರು, ದೊಡ್ಡಮಾವನವರು ಹುರುಪಿನಿಂದ ಹೇಳುತ್ತಲೇ ಹೋದರು. ಸುಳ್ಳು ಹೇಳಲು ಅವರಿಗೆ ಅಳುಕಿರಲಿಲ್ಲ. ಊರಿನಲ್ಲಿ ತಮ್ಮನ್ನು ಕೇಳುವವರಿಲ್ಲ ಎಂಬ ಮಾತನ್ನು ಮಾತ್ರ ಸಹಿಸಲಾಗಲಿಲ್ಲ. ನಾನು ಕರಿದ ಬೋಂಡಗಳೆಲ್ಲ ವ್ಯರ್ಥವಾಗಲಿಲ್ಲವೆಂದು ಅಂದು ನನಗೆ ಸಮಾಧಾನವಾಯಿತು.

ಆದೇಶ ಬಂತು. ಅವನು ನನ್ನನ್ನು ಮುಟ್ಟುವಂತಿಲ್ಲ, ಬೆದರಿಸುವಂತಿಲ್ಲ, ನಾನಿರುವ ಕೆಳಮನೆಗೆ ಕಾಲಿಡುವಂತಿಲ್ಲ. ಮಹಡಿಯಲ್ಲಿ ಖಾಲಿಯಿದ್ದ ಬಾಡಿಗೆ ಕೋಣೆಗೆ ಮಾಲೀಕನೇ ಹೋಗಿ ಸೇರಿದ. ಹೆಣ್ಣಿಗೆ ಇಷ್ಟು ಸೊಕ್ಕಿರಬಾರದು ಎಂದು ಬೀದಿಯೆಲ್ಲ ಮಾತಾಡಿತು. ನನ್ನ ಕೈಗೆ ಪ್ಲಾಸ್ಟರ್ ಹಾಕಿದ್ದಾಗ ಇದೇ ಬೀದಿಗೆ ಎಂಥ ಅಪೂರ್ವ ಮೌನವಿತ್ತು.

ಮೊನ್ನೆ ಬೆಳಿಗ್ಗೆ ಮೆಟ್ಟಿಲಿಳಿದು ಬರುವ ಅವನ ಹೆಜ್ಜೆ ಕೇಳಿ ನನ್ನ ಮೈ ಎಂದಿನಂತೆ ತಣ್ಣಗಾಯಿತು. ಕೋರ್ಟಿನ ಮಾತು ಅವನಿಗೆ ತಲುಪಿದಷ್ಟು ಬೇಗ ನನ್ನ ಮೈಗೆ ತಲುಪಿಲ್ಲ. ಹೆಜ್ಜೆ ಬಾಗಿಲ ಬಳಿ ನಿಂತಿತು. ಬಾಗಿಲನ್ನು ಒದ್ದೇ ತೆರೆದು ಅಭ್ಯಾಸವಾಗಿದ್ದವನು ಬೆರಳಿನಿಂದ ಮೆಲ್ಲಗೆ ತಟ್ಟಿದ.

"ನನ್ನ ಕನ್ನಡಕ ಒಳಗಿದೆ... ಸ್ವಲ್ಪ ಕೊಡ್ತೀಯಾ?"

ಚಿಲಕದ ಸರಪಳಿ ತೆಗೆಯದೆಯೇ, ಸಂದಿಯಲ್ಲಿ ಕನ್ನಡಕ ಚಾಚಿದೆ. ಅವನು ತೆಗೆದುಕೊಂಡ, ನನ್ನ ಬೆರಳಿಗೆ ತಗುಲದಂತೆ ಎಚ್ಚರವಹಿಸಿ.