ಯಾವ ಕಣ್ಣು ಎಂದು ಕೇಳುವ ಕಿಟಕಿ

ಸಿರಾದ ಸಣ್ಣದೊಂದು ಕಣ್ಣಿನ ಆಸ್ಪತ್ರೆಯಲ್ಲಿ ನಾನು ರಿಸೆಪ್ಷನಿಸ್ಟ್. ಆಪರೇಷನ್‌ಗೆ ಬಂದವರ ಹೆಸರು, ವಯಸ್ಸು ಟೈಪ್ ಮಾಡಿ, ಕೈಗೆ ಕಟ್ಟುವ ಚೀಟಿ ಪ್ರಿಂಟ್ ತೆಗೆಯುವುದು ನನ್ನ ಕೆಲಸ. ಆ ಚೀಟಿಯ ಪ್ರೋಗ್ರಾಮನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವಳೂ ನಾನೇ; ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತಿದ್ದೆ.

ಮೊದಮೊದಲು ಅದರಲ್ಲೊಂದು ಕೊರತೆಯಿತ್ತು. ಬಲಗಣ್ಣೋ ಎಡಗಣ್ಣೋ ಎಂದು ಕೇಳುವ ಪುಟ್ಟ ವಿಂಡೋ ತೆರೆದುಕೊಳ್ಳುತ್ತಿತ್ತು, ನಿಜ. ಆದರೆ ಅವಸರದಲ್ಲಿ ಹಿಂದಿನ ದೊಡ್ಡ ವಿಂಡೋ ಮೇಲೆ ಕ್ಲಿಕ್ ಮಾಡಿದರೆ ಪುಟ್ಟದು ಮರೆಯಾಗಿ, ಕಣ್ಣಿನ ಜಾಗ ಖಾಲಿಯಿದ್ದೇ ಚೀಟಿ ಹೊರಬರುತ್ತಿತ್ತು. ಪಾವಗಡದ ಕಡೆಯ ಹಿರಿಯ ಸಿಸ್ಟರ್ ಒಮ್ಮೆ ಅಂಥ ಚೀಟಿ ಹಿಡಿದು ಬಂದರು.

“ಇದೇನಮ್ಮಾ, ಕಣ್ಣೇ ಇಲ್ಲ! ಡಾಕ್ಟ್ರಿಗೆ ಏನಂತ ಹೇಳ್ಲಿ?”

ಅವತ್ತೇ ಕೂತು ಸರಿಮಾಡಿದೆ. ಉತ್ತರ ಕೊಡುವವರೆಗೂ ಹಿಂದಿನ ವಿಂಡೋವನ್ನು ಮುಟ್ಟಗೊಡದ ಕಿಟಕಿಗೆ ಮೋಡಲ್ ಡೈಲಾಗ್ ಎನ್ನುತ್ತಾರೆ. ಹಿಂದಿನದನ್ನು ತಡೆಹಿಡಿಯಲು ಒಂದು ಸಾಲು ಕೋಡ್, ಉತ್ತರಕ್ಕೆ ಕಾಯಲು ಇನ್ನೊಂದು. ಉತ್ತರಿಸದೆ ಮುಚ್ಚಿದರೆ ಚೀಟಿಯೇ ಬರದಂತೆಯೂ ಮಾಡಿದೆ. ಆದರೂ ಸುಮ್ಮನೆ ಎಂಟರ್ ಒತ್ತಿದರೆ ಎಲ್ಲರಿಗೂ ಬಲಗಣ್ಣೇ ಬೀಳುತ್ತಿತ್ತು, ಆ ಗುಂಡಿ ಮೊದಲೇ ಆಯ್ಕೆಯಾಗಿರುತ್ತಿತ್ತಲ್ಲ! ಅದನ್ನೂ ತೆಗೆದುಹಾಕಿದೆ.

ಕಣ್ಣಿನ ಆಪರೇಷನ್ ಕ್ಯಾಂಪಿನ ದಿನ ವರಾಂಡ ತುಂಬಾ ಜನ. ನಾನು ಸಾಲು ನೋಡಿಕೊಳ್ಳಲು ಹೋದಾಗ ನನ್ನ ಕುರ್ಚಿಯಲ್ಲಿ ಸಿಸ್ಟರ್ ಕೂತಿದ್ದರು. ಅಲ್ಲಿಂದಲೇ ಕೂಗಿದರು: “ಬಾರಮ್ಮಾ, ನಿನ್ ಕಂಪ್ಯೂಟರ್ ಹ್ಯಾಂಗ್ ಆಗ್ಬುಟ್ಟೈತೆ!”

“ಹ್ಯಾಂಗ್ ಆಗಿಲ್ಲ ಸಿಸ್ಟರ್, ಯಾವ ಕಣ್ಣು ಅಂತ ಕೇಳ್ತೈತೆ. ಹೇಳಿದ್ರೇನೆ ಮುಂದಕ್ಕೋಗೋದು.”

ಅವರು ಗೊಣಗುತ್ತಲೇ, ಎದುರು ನಿಂತಿದ್ದ ಬುಕ್ಕಾಪಟ್ಟಣದ ಅಜ್ಜಿಯತ್ತ ತಿರುಗಿದರು. “ಯಾವ ಕಣ್ಣಜ್ಜೀ?”

“ಎಡಗಣ್ಣು ಕಣವ್ವ. ಬಲಗಣ್ಣಿನ ಆಪ್ರೇಸನ್ನು ಹೋದ್ವರ್ಸವೇ ಆಯ್ತಲ್ಲ” ಎಂದ ಅಜ್ಜಿ ಕಂಬಳಿಯ ಅಂಚನ್ನು ಸರಿಸಿ ಎಡಗಣ್ಣನ್ನು ತೋರಿಸಿದಳು. ಸಿಸ್ಟರ್ ಡಾಕ್ಟರ ಬರಹದ ಜೊತೆ ತಾಳೆ ನೋಡಿ ಎಡಗಣ್ಣಿನ ಗುಂಡಿ ಒತ್ತಿದರು. ಆಮೇಲೆ ಇಡೀ ದಿನ ಒಬ್ಬೊಬ್ಬರನ್ನೂ ಅವರೇ ಕೇಳಿ ಕೇಳಿ ಒತ್ತಿದರು. ಒಂದು ಚೀಟಿಯಲ್ಲೂ ಕಣ್ಣಿನ ಜಾಗ ಖಾಲಿ ಉಳಿಯಲಿಲ್ಲ.

ಸಂಜೆ ಚೀಟಿಗಳನ್ನು ನೋಡಿದ ಡಾಕ್ಟರು, “ಒಂದರಲ್ಲೂ ಕಣ್ಣು ಬಿಟ್ಟುಹೋಗಿಲ್ವಲ್ಲ! ಯಾರು ಮಾಡಿದ್ದು ಇದನ್ನ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರ್, “ಇನ್ಯಾರು ಸಾರ್, ನಮ್ ಅಮ್ಮಾಯಿನೇ, ಈ ಹುಡುಗೀನೇ!” ಎಂದುಬಿಟ್ಟರು. ನನ್ನ ಮುಖ ಬಿಸಿಯಾಯಿತು.

ಮುಂದಿನ ವಾರ ನಮ್ಮ ಆಸ್ಪತ್ರೆಯ ಮಧುಗಿರಿ ಶಾಖೆಯಿಂದ, ತಮಗೂ ಆ ಪ್ರೋಗ್ರಾಂ ಬೇಕೆಂದು ಕರೆ ಬಂತು. ಪೆನ್‌ಡ್ರೈವ್ ಹಿಡಿದು ಬಸ್ ಹತ್ತಿದೆ. ಪ್ರೋಗ್ರಾಂ ಹಾಕಿಕೊಟ್ಟಾಗ ಅಲ್ಲಿಯವರು, “ಶುಗರ್ ಇದೆಯಾ ಅಂತಾನೂ ಕೇಳೋ ಹಂಗೆ ಮಾಡ್ತೀರಾ ಮೇಡಂ?” ಎಂದರು. ಅದುವರೆಗೆ ನನ್ನನ್ನು ಯಾರೂ ಮೇಡಂ ಎಂದಿರಲಿಲ್ಲ. ಕುರ್ಚಿ ಎಳೆದುಕೊಂಡು ಅಲ್ಲೇ ಬರೆಯಲು ಕೂತೆ.